ಸೋಮವಾರದ ಟ್ಯೂಬುಗಳು

ಎಚ್‌ಐವಿಯ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಯಂತ್ರಕ್ಕೆ ಸಿಗದಷ್ಟು ಇಳಿದಿದೆ. ರೋಗದ ಜೊತೆ ಹೋರಾಡುವ ಸಿಡಿ4 ಕಣಗಳ ಕೌಂಟ್ 500 ದಾಟಿದೆ. ಇಷ್ಟಾದರೂ ಕೆಲವರ ರಕ್ತದಲ್ಲಿ ಐಎಲ್-6 ಎಂಬ ಪ್ರೋಟೀನು ಮಾತ್ರ ಜಾಸ್ತಿಯೇ ಇರುತ್ತದೆ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎಚ್‌ಐವಿ ಇರುವವರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವದಲ್ಲಿ, ಇದನ್ನು ಅಳೆಯುವುದೇ ನನ್ನ ಕೆಲಸ.

ರೋಗದ ಜೊತೆ ಹೋರಾಡುವ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಪುಟ್ಟ ಪ್ರೋಟೀನುಗಳಿಗೆ ಸೈಟೊಕೈನ್ ಅಂತಾರೆ. ಐಎಲ್-6 ಅದರಲ್ಲಿ ಒಂದು. ಸೋಂಕು ಬಂದಾಗ ಏರಬೇಕು, ವಾಸಿಯಾದಾಗ ಇಳಿಯಬೇಕು. ಎಚ್‌ಐವಿ ಮಾತ್ರ ಶುರುವಿನ ವಾರಗಳಲ್ಲೇ ಕರುಳಿನ ಸಿಡಿ4 ಕಣಗಳನ್ನು ತಿಂದುಹಾಕುತ್ತದೆ. ಕರುಳಿನ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಜಿನುಗುತ್ತವೆ. ಹಾಗಾಗಿ ಐಎಲ್-6ರ ಕೂಗು ಪೂರ್ತಿ ನಿಲ್ಲುವುದೇ ಇಲ್ಲ.

ಅದನ್ನು ಸುಮ್ನೆ ಬಿಡುವಂತಿಲ್ಲ. ಸ್ಮಾರ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ 33 ದೇಶಗಳ 5,472 ಜನ ಇದ್ದರು. ಸಿಡಿ4 ಚೆನ್ನಾಗಿದ್ದಾಗ ಮಾತ್ರೆ ನಿಲ್ಲಿಸಬಹುದಾ ಅಂತ ನೋಡಲು ಹೊರಟಿದ್ದರು. ನಿಲ್ಲಿಸಿದವರಲ್ಲಿ ಸಾವು ಹೆಚ್ಚಾಯಿತು. ಸೇರುವಾಗ ತೆಗೆದಿಟ್ಟ ರಕ್ತವನ್ನು ಆಮೇಲೆ ನೋಡಿದರೆ, ತೀರಿಕೊಂಡವರಲ್ಲಿ ಐಎಲ್-6 ಮೊದಲೇ ಹೆಚ್ಚಿತ್ತು. 2008ರಲ್ಲಿ ಇದು ಪ್ರಕಟವಾಯಿತು. ನಾನು ಈ ಕೆಲಸ ಬಿಡದೆ ಹಿಡಿದುಕೊಂಡಿರುವುದು ಆ ಒಂದು ಮಾತಿಗಾಗಿ.

ಅಳೆಯುವುದು ಎಲೈಸಾ ಎಂಬ, ಬಣ್ಣ ನೋಡಿ ಲೆಕ್ಕ ಹಾಕುವ ಪರೀಕ್ಷೆಯಲ್ಲಿ. 96 ಗುಳಿಗಳ ಪ್ಲೇಟು. ಕೊನೆಗೆ ಹಾಕುವ ದ್ರಾವಣಕ್ಕೆ ಗುಳಿಗಳು ನೀಲಿಯಾಗುತ್ತವೆ, ಆಸಿಡ್ ಬಿದ್ದ ಕೂಡಲೇ ಹಳದಿ. ಐಎಲ್-6 ಹೆಚ್ಚಿದ್ದಷ್ಟೂ ಹಳದಿ ಕಡು. ನಾವು ಹುಡುಕುವುದು ಪಿಕೋಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟು ಸಣ್ಣದನ್ನು ಅಳೆಯುವಾಗ ಎಡವಟ್ಟು ಎಲ್ಲಿಂದ ಬೇಕಾದರೂ ನುಗ್ಗುತ್ತದೆ.

ಒಮ್ಮೆ ಹನ್ನೊಂದು ಗುಳಿಗಳು ಕಡು ಹಳದಿಗೆ ತಿರುಗಿದವು. ಇಷ್ಟು ಜನರಿಗೆ ಒಟ್ಟಿಗೇ ಕಾಯಿಲೆ ಜೋರಾಯಿತಾ ಅಂತ ಎದೆ ಧಸಕ್ಕೆಂದಿತು. ಅವೇ ಟ್ಯೂಬುಗಳಲ್ಲಿ ಇನ್ನೊಂದು ಸೈಟೊಕೈನ್ ಆದ ಐಎಲ್-8 ನೋಡಿದೆ. ಅದಂತೂ ನಂಬಲಾಗದಷ್ಟು ಮೇಲಿತ್ತು. ರಿಜಿಸ್ಟರ್ ತಿರುವಿದರೆ ಎಲ್ಲವೂ ಸೋಮವಾರದವು. ಸೋಮವಾರ ರಕ್ತ ತೆಗೆಯುವ ಕಡೆ ನೂಕುನುಗ್ಗಲು. ಬೆಳಿಗ್ಗೆ ಒಂಬತ್ತಕ್ಕೆ ತೆಗೆದ ರಕ್ತ, ಗಿರಗಿರ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಹೋಗಿದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟು ಹೊತ್ತೂ ಟ್ಯೂಬಿನೊಳಗಿನ ಕಣಗಳು ಬದುಕೇ ಇರುತ್ತವೆ, ಪ್ರೋಟೀನು ಬಿಡುತ್ತಲೇ ಇರುತ್ತವೆ. ಐಎಲ್-8 ಹೀಗೆ ತುಂಬಾ ಬೇಗ ಏರುತ್ತದೆ. ನಾನು ಅಳೆದದ್ದು ಆ ಜನರ ಕಾಯಿಲೆಯನ್ನಲ್ಲ, ಟೇಬಲ್ ಮೇಲೆ ಕಾದ ಆರು ಗಂಟೆಯನ್ನು. ಹನ್ನೊಂದನ್ನೂ ಲೆಕ್ಕದಿಂದ ತೆಗೆದೆ. ಅವರು ಸೂಜಿ ಚುಚ್ಚಿಸಿಕೊಂಡು ಕೊಟ್ಟ ರಕ್ತ ಅದು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಟ್ಯೂಬಿನ ಲೇಬಲ್ ಮೇಲೆ ಎರಡು ಹೊತ್ತು ಬರೆಸಲು ಶುರು ಮಾಡಿದೆ: ತೆಗೆದದ್ದು, ತಿರುಗಿಸಿದ್ದು. ನಡುವೆ ಎರಡು ಗಂಟೆ ದಾಟಿದರೆ ಆ ಟ್ಯೂಬು ಬೇಡ. ಪ್ಲಾಸ್ಮಾವನ್ನು ಚಿಕ್ಕ ಚಿಕ್ಕ ವಯಲ್‌ಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ, ಯಾವುದೂ ಎರಡನೇ ಸಲ ಕರಗಬಾರದು. ಎಲ್ಲಕ್ಕಿಂತ ಮುಖ್ಯ, ಒಬ್ಬರ ಹಳೇ ರಕ್ತ ಮತ್ತು ಹೊಸ ರಕ್ತ ಎರಡನ್ನೂ ಒಂದೇ ಪ್ಲೇಟಿನಲ್ಲಿ ಹಾಕುವುದು. ಪ್ಲೇಟಿನಿಂದ ಪ್ಲೇಟಿಗೆ ಸಂಖ್ಯೆ ಒಂದಿಷ್ಟು ಅಲುಗುತ್ತದೆ. ಹಾಗಿದ್ದಾಗ ಬೇರೆ ಬೇರೆ ದಿನದ ಅಳತೆಯನ್ನು ಹೋಲಿಸಿ ಕಾಯಿಲೆ ಹೆಚ್ಚಿತು ಅಂತ ಹೇಳುವುದು ತಪ್ಪು ಅಲ್ವಾ?

ಫಾರಂಗೂ ಕೆಲವು ಪ್ರಶ್ನೆ ಸೇರಿಸಿದೆವು. ಹೋದ ವಾರ ಜ್ವರ ಇತ್ತಾ? ಕೆಮ್ಮು? ಹಲ್ಲುನೋವು? ಬೀಡಿ, ಸಿಗರೇಟು? ಐಎಲ್-6ಗೆ ಎಚ್‌ಐವಿ ಒಂದೇ ಕಾರಣ ಅಲ್ಲ.

ಒಬ್ಬರ ಐಎಲ್-6 ಎರಡು ಸಲವೂ ಮೇಲಿತ್ತು. ಲೇಬಲ್‌ನಲ್ಲಿ ಹೊತ್ತು ಸರಿಯಾಗಿತ್ತು, ವೈರಲ್ ಲೋಡ್ ಸಿಗುತ್ತಿರಲಿಲ್ಲ. ಫಾರಂನಲ್ಲಿ ಕೌನ್ಸೆಲರ್ ಬರೆದಿದ್ದರು: ದವಡೆ ಹಲ್ಲು ಕೀವು, ಮೂರು ತಿಂಗಳಿಂದ. ಡಾಕ್ಟರಿಗೆ ತಿಳಿಸಿದೆ, ಹಲ್ಲು ಕೀಳಿಸಿದರು. ಎರಡು ತಿಂಗಳು ಬಿಟ್ಟು ತೆಗೆದ ರಕ್ತವನ್ನು ಹಳೆಯದರ ಪಕ್ಕದ ಗುಳಿಯಲ್ಲೇ ಹಾಕಿದೆ. ಹಳೆಯದು ಅರಿಶಿನದ ಬಣ್ಣಕ್ಕೆ ತಿರುಗಿತು. ಹೊಸದು ತಿಳಿ ನಿಂಬೆಹಣ್ಣಿನ ಪಾನಕದ ಹಾಗೆ ನಿಂತಿತು.