ಹೈಡ್ರೋಜನ್ ಹೊರಗೆ ಹೋಗಬಾರದು

ಬೆಂಜೈಲ್ ಕ್ಲೋರೈಡ್ ಬಾಟಲಿ ತೆರೆದವರಿಗೆ ಗೊತ್ತು, ಕಣ್ಣು ಹೇಗೆ ಉರಿಯುತ್ತದೆ ಅಂತ. ಅನಿಲೀನ್ ಒಂದು ಅಮೈನ್, ಅಂದರೆ ನೈಟ್ರೋಜನ್ ಇರುವ ಸಾವಯವ ವಸ್ತು; ಅದಕ್ಕೆ ಬೆಂಜೈಲ್ ಎಂಬ ಇಂಗಾಲದ ಗುಂಪು ಸೇರಿಸಿ ಹೊಸ ಅಮೈನ್ ಮಾಡಲು ಪಠ್ಯದಲ್ಲಿರುವ ದಾರಿ ಅದು. ಒಂದರ ಬದಲು ಎರಡು ಗುಂಪು ಅಂಟಿಕೊಳ್ಳುವುದೂ ಉಂಟು. ತುಮಕೂರಿನ ನಮ್ಮ ಕಾಲೇಜು ಲ್ಯಾಬಿನಲ್ಲಿ ಎಂ.ಎಸ್‌ಸಿ ಮಕ್ಕಳ ಪ್ರಾಜೆಕ್ಟ್‌ಗೆ ನಾನು ಬೆಂಜೈಲ್ ಆಲ್ಕೋಹಾಲನ್ನೇ ಆರಿಸಿಕೊಂಡೆ. ಇಲ್ಲಿ ಜೊತೆಗೆ ಹುಟ್ಟುವುದು ನೀರು ಮಾತ್ರ. ವೈನನ್ಸ್ ಮತ್ತು ಆಡ್ಕಿನ್ಸ್ ಎಂಬ ರಸಾಯನಶಾಸ್ತ್ರಜ್ಞರು 1932ರಲ್ಲೇ ನಿಕ್ಕಲ್ಲನ್ನು ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆ ಚುರುಕುಗೊಳಿಸುವ ವಸ್ತು) ಆಗಿ ಬಳಸಿ ಇಂಥ ಕ್ರಿಯೆ ಮಾಡಿದ್ದರು.

ನಾನು ಬಳಸಿದ್ದು ತಾಮ್ರ. ತಾಮ್ರ, ಮೆಗ್ನೀಸಿಯಂ, ಅಲ್ಯೂಮಿನಿಯಂ ನೈಟ್ರೇಟ್‌ಗಳ ದ್ರಾವಣಕ್ಕೆ ಸೋಡಿಯಂ ಕಾರ್ಬೊನೇಟ್ ಮತ್ತು ಕಾಸ್ಟಿಕ್ ಸೋಡಾ ದ್ರಾವಣ ಸೇರಿಸುತ್ತಾ, ಪಿಎಚ್ 10ರ ಆಸುಪಾಸಿನಲ್ಲಿ ಹಿಡಿದಿಟ್ಟರೆ ತಿಳಿನೀಲಿ ಗಸಿ ಕೂರುತ್ತದೆ. ಅದನ್ನು ತೊಳೆಯುವುದೇ ದೊಡ್ಡ ಕೆಲಸ. ಸೋಡಿಯಂ ಉಳಿದರೆ ಪುಡಿಯ ಕ್ಷಾರಗುಣ ಬದಲಾಗುತ್ತದೆ. ಆಮೇಲೆ ಫಲಿತಾಂಶ ತಾಮ್ರದ್ದೋ ಸೋಡಿಯಂನದ್ದೋ ಹೇಳಲಾಗದು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಕ್ಯಾಲ್ಸಿಯಂ ಸೇರಿಬಿಡುತ್ತದೆ. ಹಾಗಾಗಿ ಕೊನೆತನಕ ಡಿಸ್ಟಿಲ್ಡ್ ವಾಟರ್. 450 ಡಿಗ್ರಿಯಲ್ಲಿ ಕಾಯಿಸಿದ ಪುಡಿಯನ್ನು ತೇವ ತಾಗದ ಡೆಸಿಕೇಟರ್ ಪಾತ್ರೆಯಲ್ಲಿಡಿ. ಹೊರಗೆ ಬಿಟ್ಟರೆ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹೀರಿ, ಕಾಯಿಸುವ ಮುಂಚಿನ ಪದರಪದರ ರೂಪಕ್ಕೆ ಮರಳತೊಡಗುತ್ತದೆ. ಬಳಸುವ ಮುನ್ನ ಹೈಡ್ರೋಜನ್ ಹರಿಸಿ ತಾಮ್ರವನ್ನು ಲೋಹವಾಗಿಸಬೇಕು.

ನಿಜವಾದ ಸ್ವಾರಸ್ಯ ಮುಂದಿದೆ. ತಾಮ್ರ ಆಲ್ಕೋಹಾಲ್‌ನಿಂದ ಹೈಡ್ರೋಜನ್ನನ್ನು ಕೈಸಾಲ ಪಡೆಯುತ್ತದೆ. ಆಲ್ಕೋಹಾಲ್ ಆಲ್ಡಿಹೈಡ್ ಆಗುತ್ತದೆ. ಅದು ಅನಿಲೀನ್ ಜೊತೆ ಕೂಡಿ, ನೀರು ಬಿಟ್ಟು, ಇಮೈನ್ (ಇಂಗಾಲ-ನೈಟ್ರೋಜನ್ ನಡುವೆ ಜೋಡಿಬಂಧ ಇರುವ ವಸ್ತು) ಆಗುತ್ತದೆ. ಸಾಲ ಪಡೆದ ಆ ಹೈಡ್ರೋಜನ್ ಇಮೈನ್‌ಗೆ ಸೇರಿದರೇ ನಮಗೆ ಬೇಕಾದ ಅಮೈನ್ ಸಿಗುವುದು. ಜೈಲೀನ್ ಎಂಬ ದ್ರಾವಕದಲ್ಲಿ ನೈಟ್ರೋಜನ್ ಹರಿಸುತ್ತಾ ಕುದಿಸಿದಾಗ ನಮಗೆ ಸಿಕ್ಕಿದ್ದು ಹೆಚ್ಚಾಗಿ ಇಮೈನ್. ಹೈಡ್ರೋಜನ್ ಆ ಹರಿವಿನ ಜೊತೆ ಹೊರಟುಹೋಗುತ್ತಿತ್ತು. ಅದೇ ಪುಡಿ, ಅದೇ ದ್ರಾವಕ, ಅದೇ 140 ಡಿಗ್ರಿ, ಆದರೆ ಬಿಗಿಯಾಗಿ ಮುಚ್ಚಿದ ಪ್ರೆಶರ್ ಟ್ಯೂಬ್: ಆಗ ಅಮೈನೇ ಜಾಸ್ತಿ. ಇಮೈನ್ ಉಳಿದರೆ ಸುಮ್ನೆ ಹೊಸ ಕ್ಯಾಟಲಿಸ್ಟ್ ಹುಡುಕಬೇಡಿ, ಮೊದಲು ಮುಚ್ಚಳ ನೋಡಿ. ಟ್ಯೂಬನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಮುಂದೆ ಶೀಲ್ಡ್ ಇರಲೇಬೇಕು.

ಸಿಲಿಕಾ ತಟ್ಟೆಯ ಮೇಲೆ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಟಿಎಲ್‌ಸಿ ಪರೀಕ್ಷೆ ಒಂದನ್ನೇ ನಂಬಬೇಡಿ. ಸಿಲಿಕಾ ಮೇಲೆ ಇಮೈನ್ ಒಡೆದು ಆಲ್ಡಿಹೈಡ್ ಚುಕ್ಕೆ ತೋರಿಸಬಹುದು. ಅಣುವಿನ ತೂಕ ತೋರಿಸುವ ಜಿಸಿ-ಎಂಎಸ್ ಯಂತ್ರದಲ್ಲಿ ಇಮೈನ್ 181, ಅಮೈನ್ 183. ಅಣುವಿನ ಯಾವ ಹೈಡ್ರೋಜನ್ ಎಂಥ ಜಾಗದಲ್ಲಿದೆ ಎಂದು ತೋರಿಸುವ ಎನ್‌ಎಂಆರ್ ಇನ್ನೂ ಸ್ಪಷ್ಟ: ಅದರ ಪಿಪಿಎಂ ಅಳತೆಯಲ್ಲಿ ಇಮೈನ್‌ನ ಒಂಟಿ ಪ್ರೋಟಾನ್ 8.4ರ ಹತ್ತಿರ, ಅಮೈನ್‌ನ ಸಿಎಚ್₂ 4.3ರ ಹತ್ತಿರ.

ಕೆಲಸ ಮಾಡುತ್ತಿರುವುದು ಪುಡಿಯೋ, ಕರಗಿದ ತಾಮ್ರವೋ? ಕ್ರಿಯೆ ಅರ್ಧವಾದಾಗ ಬಿಸಿಯಲ್ಲೇ ಸೋಸಿ, ಸೋಸಿದ ದ್ರವವನ್ನು ಮತ್ತೆ ಕಾಯಿಸಿ ನೋಡುತ್ತೇವೆ. ಆರಿದ ಮೇಲೆ ಸೋಸಿದರೆ ಕರಗಿದ ಲೋಹ ಪುಡಿಗೇ ಮರಳಿ ಅಂಟಿರಬಹುದು, ಪರೀಕ್ಷೆಗೆ ಅರ್ಥವಿಲ್ಲ ಅಲ್ವಾ? ನಮ್ಮ ದ್ರವದಲ್ಲಿ ಕ್ರಿಯೆ ಮುಂದುವರಿಯಲಿಲ್ಲ, ಅಂದರೆ ಕೆಲಸ ಪುಡಿಯದ್ದೇ.

ಈಗ ಎಂಟು ಇಂಗಾಲದ ಆಲ್ಕೋಹಾಲ್ ಆದ ಆಕ್ಟನಾಲ್ ಹಿಡಿದಿದ್ದೇವೆ. ಉದ್ದ ಸರಪಳಿಯ ಆಲ್ಕೋಹಾಲ್‌ಗಳು ಬೆಂಜೈಲ್‌ನಷ್ಟು ಸಲೀಸಾಗಿ ಹೈಡ್ರೋಜನ್ ಬಿಡುವುದಿಲ್ಲ. ಬಿಸಿ ಇನ್ನಷ್ಟು ಬೇಕು.