ಅಲೆಯ ಎತ್ತರ ಆಮೇಲೆ, ಮೊದಲು ಸೆಕೆಂಡು ನೋಡಿ

ಮೊದಮೊದಲು ಸರ್ಫಿಂಗಿಗೆ ಹೊರಡುವಾಗ ನಾನೂ ಆ್ಯಪ್ ತೆರೆದು ಅಲೆಯ ಎತ್ತರ ಮಾತ್ರ ನೋಡುತ್ತಿದ್ದೆ. ಒಮ್ಮೆ 1.5 ಮೀಟರ್ ಅಂತ ತೋರಿಸಿತು, ನಸುಕಿನಲ್ಲೇ ಎದ್ದು ಬೋರ್ಡ್ ಕಟ್ಟಿಕೊಂಡು ಮೂಲ್ಕಿ ಹತ್ತಿರದ ಸಸಿಹಿತ್ಲಿಗೆ ಹೋದರೆ ಕಡಲು ಕಲಕಿಟ್ಟ ಹಾಗಿತ್ತು, ಒಂದು ಅಲೆಯೂ ನೆಟ್ಟಗೆ ಎದ್ದು ಒಡೆಯಲಿಲ್ಲ. ಎತ್ತರದ ಪಕ್ಕದಲ್ಲೇ 6 ಸೆಕೆಂಡು ಅಂತಲೂ ಇತ್ತು. ನಾನು ಓದಿರಲಿಲ್ಲ ಅಷ್ಟೇ.

ಒಂದು ಅಲೆಯ ನೆತ್ತಿ ದಾಟಿ ಇನ್ನೊಂದರದು ಬರುವವರೆಗಿನ ಹೊತ್ತು ಅದು, ಪೀರಿಯಡ್. 5-7 ಇದ್ದರೆ ಹತ್ತಿರದ ಗಾಳಿ ಎಬ್ಬಿಸಿದ್ದು. 14 ದಾಟಿದರೆ ಸ್ವೆಲ್, ಅಂದರೆ ದೂರದ ಬಿರುಗಾಳಿ ಎಬ್ಬಿಸಿ ಇಲ್ಲಿ ತನಕ ಸಾಗಿ ಬಂದ ಅಲೆಗಳ ಸಾಲು. 0.8 ಮೀಟರ್, 16 ಸೆಕೆಂಡು ಅಂತ ಕಂಡರೆ ನಾನು ಕೆಲಸಕ್ಕೆ ರಜೆ ಹಾಕಿ ಕಡಲಿಗೆ ಹೋಗುತ್ತೇನೆ.

ಇಂಥ ಸ್ವೆಲ್ ಹುಟ್ಟುವುದು ಹಿಂದೂ ಮಹಾಸಾಗರದ ತೆಂಕು ಕೊನೆಯಲ್ಲಿ, 40 ಡಿಗ್ರಿ ದಕ್ಷಿಣ ಅಕ್ಷಾಂಶದ ಆಚೆ. ವಿಂಡಿ ಎಂಬ ಹವಾಮಾನದ ಆ್ಯಪ್‌ನಲ್ಲಿ ಗಾಳಿಯ ನಕ್ಷೆ ತೆರೆದು ಆಫ್ರಿಕಾದ ತುದಿಯಿಂದ ಆಸ್ಟ್ರೇಲಿಯಾ ತನಕ ಕಣ್ಣಾಡಿಸಿ. ಬಿರುಗಾಳಿ ಇದ್ದರೆ ಸಾಲದು, ಅದರ ಗಾಳಿ ಒಂದು ದಿನವಾದರೂ ನಮ್ಮ ಕಡೆಗೆ ಬೀಸಬೇಕು. ಅಲ್ಲಿ ಸುಳಿ ಗಡಿಯಾರದ ಮುಳ್ಳಿನಂತೆ ತಿರುಗುತ್ತದಲ್ವಾ, ಹಾಗಾಗಿ ಸುಳಿಯ ಪಶ್ಚಿಮ ಮಗ್ಗುಲು ನೋಡಿ.

ಬರುವ ಹೊತ್ತಿಗೆ ಸುಲಭ ಲೆಕ್ಕ ಇದೆ. ಪೀರಿಯಡ್ಡನ್ನು 2.8ರಿಂದ ಗುಣಿಸಿದರೆ ಆಳ ಕಡಲಲ್ಲಿ ಸ್ವೆಲ್ ಗಂಟೆಗೆ ಎಷ್ಟು ಕಿ.ಮೀ. ಸಾಗುತ್ತದೆ ಅಂತ ಸಿಗುತ್ತದೆ. 18 ಸೆಕೆಂಡಿನದ್ದು ಸುಮಾರು 50 ಕಿ.ಮೀ., ಅಂದರೆ 6000 ಕಿ.ಮೀ. ದಾರಿಗೆ ಐದು ದಿನ. 12 ಸೆಕೆಂಡಿನದ್ದಕ್ಕೆ ಏಳು ದಿನದ ಮೇಲಾಗುತ್ತದೆ. ಅದಕ್ಕೇ ಉದ್ದ ಪೀರಿಯಡ್ಡಿನವು ಮೊದಲು ಬಂದು, ಆಮೇಲೆ ದಿನದಿಂದ ದಿನಕ್ಕೆ ಸೆಕೆಂಡು ಇಳಿಯುತ್ತಾ ಹೋಗುತ್ತದೆ.

ಇಲ್ಲಿ ತನಕ ಎಲ್ಲ ಕಂಪ್ಯೂಟರಿನ ಅಂದಾಜು. ಖಾತ್ರಿಯಾಗುವುದು ನೀರಲ್ಲಿ ತೇಲುತ್ತಾ ಅಲೆ ಅಳೆಯುವ ಬೋಯಿಯಿಂದ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಕಾರವಾರ, ಕೊಲ್ಲಂ ಮುಂತಾದ ಕಡೆ ಇಂಥವನ್ನು ಇಟ್ಟಿದೆ. ನಮ್ಮೂರಿನದು ಅಂತ ಕಾರವಾರದ್ದನ್ನೇ ನೋಡುತ್ತಾ ಕೂರಬೇಡಿ. ತೆಂಕಿನಿಂದ ಬರುವ ಸ್ವೆಲ್ ಮೂಲ್ಕಿ ದಾಟಿಯೇ ಅಲ್ಲಿಗೆ ಹೋಗುವುದು! ಕೊಲ್ಲಂ ಬೋಯಿ ಕೆಲವು ಗಂಟೆ ಮೊದಲೇ ಸುಳಿವು ಕೊಡುತ್ತದೆ. ಎತ್ತರ 0.7 ಮೀಟರಲ್ಲೇ ನಿಂತಿರುತ್ತದೆ, ಪೀಕ್ ಪೀರಿಯಡ್ (ಎಲ್ಲಕ್ಕಿಂತ ಹೆಚ್ಚು ಶಕ್ತಿ ಇರುವ ಅಲೆಗಳ ಪೀರಿಯಡ್) ಮಾತ್ರ 9ರಿಂದ ಒಮ್ಮೆಲೇ 18ಕ್ಕೆ ಹಾರುತ್ತದೆ. ಅದು ಕಂಡ ರಾತ್ರಿ ನಾನು ಬೋರ್ಡಿಗೆ ವ್ಯಾಕ್ಸ್ ತಿಕ್ಕುತ್ತೇನೆ. ಇನ್ನೊಂದು ಮಾತು, ಬೋಯಿ ಹೇಳುವ ಎತ್ತರ ಎಲ್ಲ ಅಲೆಗಳಲ್ಲಿ ಅತಿ ದೊಡ್ಡದಾದ ಮೂರನೇ ಒಂದು ಪಾಲಿನ ಸರಾಸರಿ. ನಡುವೆ ಅದರ ಹತ್ತಿರಹತ್ತಿರ ಎರಡು ಪಟ್ಟಿನದ್ದೂ ಬರಬಹುದು.

ಬೆಳಿಗ್ಗೆ ಬೇಗ ಹೋಗಿ. ಆಗ ನೆಲದ ಕಡೆಯಿಂದ ಬೀಸುವ ಗಾಳಿ ಅಲೆಯ ಮುಖವನ್ನು ನೆಟ್ಟಗೆ ನಿಲ್ಲಿಸುತ್ತದೆ, ಮಧ್ಯಾಹ್ನದ ಕಡಲಗಾಳಿ ಎಲ್ಲ ಕೆಡಿಸುತ್ತದೆ. ಜೂನ್‌ನಿಂದ ಆಗಸ್ಟ್ ಈ ಲೆಕ್ಕವೇ ಬೇಡ. ಇನ್ಕಾಯ್ಸ್ ಕಳ್ಳಕ್ಕಡಲ್ (ದೂರದ ಸ್ವೆಲ್ ಸುಳಿವಿಲ್ಲದೆ ಬಂದು ದಡಕ್ಕೆ ನುಗ್ಗುವುದು) ಎಚ್ಚರಿಕೆ ಕೊಟ್ಟಿದ್ದರೆ, ದಡದಲ್ಲಿ ಗಾಳಿಯೇ ಇಲ್ಲದೆ ಕಡಲು ಎಷ್ಟೇ ಸಾಧು ಕಂಡರೂ, ಆವತ್ತು ಬೋರ್ಡ್ ಮನೆಯಲ್ಲೇ ಇರಲಿ.