ಸ್ಟ್ಯಾಕ್ ಕಲಿಯುವುದು ಹೇಗೆ? ಮೊದಲು ಪೆನ್ನು ಹಿಡಿಯಿರಿ

ಕೋಡಿಂಗ್ ಇಂಟರ್‌ವ್ಯೂಗೆ ತಯಾರಾಗುವ ಅನೇಕರು ಸ್ಟ್ಯಾಕ್ (ಮಾಹಿತಿಯನ್ನು ಒಂದರ ಮೇಲೊಂದು ಪೇರಿಸಿಡುವ ವಿಧಾನ) ಪಾಠವನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಕೊನೆಗೆ ಇಟ್ಟದ್ದು ಮೊದಲು ಹೊರಗೆ ಬರುತ್ತದೆ, ಅಷ್ಟೇ ಅಲ್ವಾ? ವ್ಯಾಖ್ಯಾನ ಅಷ್ಟೇ ನಿಜ. ಆದರೆ ಇಂಟರ್‌ವ್ಯೂನಲ್ಲಿ ಬರುವ ಲೆಕ್ಕದಲ್ಲಿ ಸಾಮಾನ್ಯವಾಗಿ ಸ್ಟ್ಯಾಕ್ ಎಂಬ ಪದವೇ ಇರುವುದಿಲ್ಲ. ಇಲ್ಲಿ ಸ್ಟ್ಯಾಕ್ ಬೇಕು ಅಂತ ನಮಗೇ ಹೊಳೆಯಬೇಕು. ಕಷ್ಟ ಇರುವುದು ಅಲ್ಲಿ.

ಹೊಳೆಯುವುದಕ್ಕೆ ಒಂದು ದಾರಿ ಇದೆ. ಸ್ಟ್ಯಾಕ್ ಎಂದರೆ ಬಾಕಿ ಉಳಿದ ಕೆಲಸಗಳ ಪಟ್ಟಿ ಅಂತ ಅಂದುಕೊಳ್ಳಿ. ತೀರಾ ಈಚೆಗೆ ಬಾಕಿ ಬಿದ್ದ ಕೆಲಸವೇ ಮೊದಲು ಮುಗಿಯಬೇಕಾ? ಹೌದು ಎಂದಾದರೆ ಸ್ಟ್ಯಾಕ್ ಹಿಡಿಯಿರಿ.

ಮೊದಲ ಹೆಜ್ಜೆ, ನಿಮ್ಮ ಭಾಷೆಯ ಸ್ಟ್ಯಾಕ್ ಅನ್ನು ಸರಿಯಾಗಿ ತಿಳಿದುಕೊಳ್ಳುವುದು. ಮೇಲೆ ಇಡುವುದು ಪುಶ್, ಮೇಲಿನದನ್ನು ತೆಗೆಯುವುದು ಪಾಪ್, ತೆಗೆಯದೆ ಸುಮ್ನೆ ನೋಡುವುದು ಪೀಕ್. ಪೈಥಾನ್‌ನಲ್ಲಿ ಮಾಮೂಲಿ ಲಿಸ್ಟ್ ಸಾಕು: ಅಪೆಂಡ್ ಮಾಡಿ, ಪಾಪ್ ಮಾಡಿ. ಜಾವಾದಲ್ಲಿ ಸ್ಟ್ಯಾಕ್ ಎಂಬ ಹಳೆಯ ಕ್ಲಾಸ್ ಇದೆ, ಆದರೆ ಅದರ ಬದಲು ಡೆಕ್ (ಎರಡೂ ತುದಿಯಲ್ಲಿ ಇಡಲು, ತೆಗೆಯಲು ಬರುವ ಪಟ್ಟಿ) ಬಳಸಿ ಅಂತ ಜಾವಾದ ದಾಖಲೆಯೇ ಹೇಳುತ್ತದೆ. ಹಾಗಾಗಿ ಡೆಕ್‌ನ ಒಂದು ರೂಪವಾದ ಅರೇಡೆಕ್ ಬಳಸಿ. ಸಿ ಪ್ಲಸ್ ಪ್ಲಸ್‌ನಲ್ಲಿ ಪಾಪ್ ಏನನ್ನೂ ಹಿಂದಿರುಗಿಸುವುದಿಲ್ಲ. ಮೊದಲು ಟಾಪ್ ಕರೆದು ನೋಡಿ, ಆಮೇಲೆ ಪಾಪ್ ಮಾಡಬೇಕು. ಯಾವ ಭಾಷೆಯೇ ಇರಲಿ, ಖಾಲಿ ಸ್ಟ್ಯಾಕ್‌ಗೆ ಕೈ ಹಾಕಬೇಡಿ. ಪಾಪ್‌ಗೆ ಮುಂಚೆ ಖಾಲಿ ಇದೆಯಾ ಅಂತ ನೋಡುವುದನ್ನು ಬೆರಳಿಗೇ ಅಭ್ಯಾಸ ಮಾಡಿಸಿ.

ಎರಡನೆಯದು ಬ್ರಾಕೆಟ್ ಲೆಕ್ಕ. ಆವರಣಗಳು ಸರಿಯಾಗಿ ಮುಚ್ಚಿವೆಯಾ ಎಂದು ಹೇಳಬೇಕು. ( [ ) ] ತೆಗೆದುಕೊಳ್ಳಿ. ಸುಮ್ನೆ ಎಣಿಸಿದರೆ ಎಲ್ಲವೂ ಜೋಡಿ ಇವೆ, ಆದರೂ ತಪ್ಪು. ತೆರೆದದ್ದು ಬಂದಾಗ ಪುಶ್ ಮಾಡುತ್ತಾ ಹೋಗಿ. ) ಬಂದಾಗ ಸ್ಟ್ಯಾಕ್‌ನ ಮೇಲಿರುವುದು [. ಅದು ಇದರ ಜೋಡಿಯಲ್ಲ, ಅಲ್ಲಿಗೆ ಉತ್ತರ ಸಿಕ್ಕಿತು: ತಪ್ಪು. ಜೋಡಿಯಾಗಿದ್ದರೆ ಅದನ್ನು ಪಾಪ್ ಮಾಡಿ ಮುಂದೆ ಹೋಗಬೇಕು. ಇಲ್ಲಿ ಜಾಸ್ತಿ ಜನ ಮರೆಯುವುದು ಕೊನೆಯ ಪರೀಕ್ಷೆಯನ್ನು: ಎಲ್ಲಾ ಅಕ್ಷರ ಮುಗಿದ ಮೇಲೂ ಸ್ಟ್ಯಾಕ್‌ನಲ್ಲಿ ಏನಾದರೂ ಉಳಿದಿದ್ದರೆ ಅದೂ ತಪ್ಪೇ.

ಮೂರನೆಯದಕ್ಕೆ ಒಂದು ಇಡೀ ಸಂಜೆ ಕೊಡಿ. ಪ್ರತಿ ಸಂಖ್ಯೆಗೂ ಅದರ ಬಲಗಡೆ ಮೊದಲು ಸಿಗುವ ದೊಡ್ಡ ಸಂಖ್ಯೆ ಯಾವುದು? 4, 2, 3, 7, 5 ಅಂತ ಹಾಳೆಯ ಮೇಲೆ ಬರೆಯಿರಿ. ಪಕ್ಕದಲ್ಲಿ ಸ್ಟ್ಯಾಕ್‌ಗೆ ಒಂದು ಉದ್ದದ ಡಬ್ಬಿ ಎಳೆಯಿರಿ. 4 ಒಳಗೆ ಹೋಯಿತು. 2 ಅದಕ್ಕಿಂತ ಚಿಕ್ಕದು, ಅದೂ ಮೇಲೆ ಕೂತಿತು. ಈಗ 3 ಬಂತು. ಮೇಲಿರುವ 2 ಕಾಯುತ್ತಿದ್ದದ್ದು ಇದಕ್ಕೇ! 2ನ್ನು ತೆಗೆದು, ಅದರ ಉತ್ತರ 3 ಅಂತ ಬರೆಯಿರಿ. 4 ಇನ್ನೂ ಕಾಯಬೇಕು, ಅದರ ಮೇಲೆ 3 ಕೂತಿತು. 7 ಬಂದಾಗ 3, 4 ಎರಡೂ ಹೊರಗೆ. ಎರಡಕ್ಕೂ ಉತ್ತರ 7. ಕೊನೆಗೆ ಉಳಿದ 7 ಮತ್ತು 5ಕ್ಕೆ ಉತ್ತರವೇ ಇಲ್ಲ, ಅವಕ್ಕೆ -1 ಹಾಕಿ.

ಡಬ್ಬಿಯನ್ನು ಗಮನಿಸಿದಿರಾ? ಒಳಗಿನ ಸಂಖ್ಯೆಗಳು ಕೆಳಗಿನಿಂದ ಮೇಲಕ್ಕೆ ಚಿಕ್ಕದಾಗುತ್ತಲೇ ಇದ್ದವು. ಇದಕ್ಕೆ ಮೊನೊಟೋನಿಕ್ ಸ್ಟ್ಯಾಕ್ ಎನ್ನುತ್ತಾರೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ. ಲೂಪ್ ಒಳಗೆ ಇನ್ನೊಂದು ಲೂಪ್ ಇದೆ, ಹಾಗಾದರೆ ಸಮಯ ಎನ್ ವರ್ಗವಲ್ಲವಾ (ಎನ್ ಎಂದರೆ ಸಂಖ್ಯೆಗಳು ಎಷ್ಟಿವೆ ಎಂಬುದು) ಅಂತ ಇಂಟರ್‌ವ್ಯೂನಲ್ಲಿ ಕೇಳಬಹುದು. ಅಲ್ಲ. ಪ್ರತಿ ಸಂಖ್ಯೆ ಒಂದೇ ಸಲ ಒಳಗೆ ಹೋಗುತ್ತದೆ, ಹೆಚ್ಚೆಂದರೆ ಒಂದೇ ಸಲ ಹೊರಗೆ ಬರುತ್ತದೆ. ಐದು ಸಂಖ್ಯೆಗೆ ಐದು ಪುಶ್, ಹೆಚ್ಚೆಂದರೆ ಐದು ಪಾಪ್. ಆದ್ದರಿಂದ ಉತ್ತರ ಓ ಆಫ್ ಎನ್, ಅಂದರೆ ಸಮಯ ಎನ್ ಬೆಳೆದಷ್ಟೇ ಪ್ರಮಾಣದಲ್ಲಿ ಬೆಳೆಯುತ್ತದೆ. ನಿಮ್ಮ ಹಾಳೆಯಲ್ಲಿ ಎಣಿಸಿ ನೋಡಿ, ಬಾಯಿಪಾಠ ಮಾಡುವ ಅಗತ್ಯವೇ ಬರುವುದಿಲ್ಲ.

ಮಿನ್ ಸ್ಟ್ಯಾಕ್, ಅಂದರೆ ಒಳಗಿರುವ ಅತಿ ಚಿಕ್ಕ ಸಂಖ್ಯೆಯನ್ನು ಯಾವಾಗ ಕೇಳಿದರೂ ತಕ್ಷಣ ಹೇಳುವ ಸ್ಟ್ಯಾಕ್, ಸುಲಭ. ಪ್ರತಿ ಸಂಖ್ಯೆಯ ಜೊತೆಗೆ ಅಲ್ಲಿಯವರೆಗಿನ ಕನಿಷ್ಠವನ್ನೂ ಇನ್ನೊಂದು ಸ್ಟ್ಯಾಕ್‌ನಲ್ಲಿ ಇಟ್ಟರೆ ಆಯಿತು. 5, 3, 8 ಹಾಕಿದರೆ ಪಕ್ಕದಲ್ಲಿ 5, 3, 3.

ರಿಕರ್ಷನ್‌ ಅನ್ನು ಮಾತ್ರ ಬಿಡಬೇಡಿ. ಫಂಕ್ಷನ್ ತನ್ನನ್ನೇ ಕರೆದುಕೊಂಡಾಗಲೆಲ್ಲ ಕಂಪ್ಯೂಟರ್ ಒಳಗೊಳಗೇ ಸ್ಟ್ಯಾಕ್ ಮೇಲೆ ಒಂದು ಪದರ ಇಡುತ್ತದೆ. ಪೈಥಾನ್‌ನಲ್ಲಿ ಇದರ ಮಿತಿ ಸಾಮಾನ್ಯವಾಗಿ 1000. ಟ್ರೀಯ (ಕೊಂಬೆಗಳಂತೆ ಕವಲೊಡೆಯುವ ಮಾಹಿತಿ ಜೋಡಣೆ) ಮೇಲೆ ರಿಕರ್ಷನ್‌ನಲ್ಲಿ ಬರೆದ ಒಂದು ಕೋಡ್ ಅನ್ನು ನೀವೇ ಸ್ಟ್ಯಾಕ್ ಇಟ್ಟುಕೊಂಡು ಮತ್ತೆ ಬರೆಯಿರಿ. ಎರಡೂ ಒಂದೇ ಕೆಲಸ ಎಂಬುದು ಕೈಗೇ ಗೊತ್ತಾಗುತ್ತದೆ.

ಇಂಟರ್‌ವ್ಯೂನಲ್ಲಿ ಕೋಡ್ ಬರೆಯುವ ಮುಂಚೆ ಒಂದು ವಾಕ್ಯ ಜೋರಾಗಿ ಹೇಳಿ: 'ನನ್ನ ಸ್ಟ್ಯಾಕ್‌ನಲ್ಲಿ ಇರುವುದು ಇಂಥದ್ದು.' ಮೇಲಿನ ಲೆಕ್ಕದಲ್ಲಾದರೆ, 'ಇನ್ನೂ ದೊಡ್ಡದು ಸಿಗದ ಸಂಖ್ಯೆಗಳು.' ಈ ವಾಕ್ಯ ಸಲೀಸಾಗಿ ಬರುವಂತಾದ ಮೇಲೆ, ಅಕ್ಕಪಕ್ಕ ನಿಂತ ಕಂಬಗಳಲ್ಲಿ ಅತಿ ದೊಡ್ಡ ಆಯತ ಹುಡುಕುವ ಲೆಕ್ಕಕ್ಕೆ ಹೋಗಿ. ಅದು ಕಷ್ಟದ್ದೇ. ಆದರೆ ಅಲ್ಲಿಯೂ ಸ್ಟ್ಯಾಕ್‌ನಲ್ಲಿ ಕಾಯುತ್ತಿರುವುದು ಬಲಗಡೆ ತನಗಿಂತ ಗಿಡ್ಡ ಕಂಬ ಇನ್ನೂ ಸಿಗದ ಕಂಬಗಳು.